ಹೊಲದಲ್ಲಿ ಜಿಂಕೆ ಬಿದ್ದಿದ್ದರೆ: ಮುಟ್ಟುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಇರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶದ ವಿಸ್ತೀರ್ಣ ಕೇವಲ 798 ಎಕರೆ. 2007ರಲ್ಲಿ ಘೋಷಣೆಯಾದ ಈ ಹುಲ್ಲುಗಾವಲಿನ ಎಲ್ಲೆ ಸರ್ಕಾರದ ದಾಖಲೆಯಲ್ಲಿದೆ, ನಾವು ಜಿಂಕೆಯೆಂದೇ ಕರೆಯುವ ಕೃಷ್ಣಮೃಗಗಳಿಗೆ ಅದರ ಹಂಗಿಲ್ಲ. ಮೇವು ನೀರು ಅರಸುತ್ತಾ ಅವು ಸುತ್ತಲಿನ ಕಡಲೆಕಾಯಿ, ರಾಗಿ, ಹುರುಳಿ ಹೊಲಗಳಿಗೆ ಬರುತ್ತವೆ, ಬಂದಲ್ಲಿ ನಾಯಿಗಳ ಬಾಯಿಗೋ, ಹಂದಿಗೆಂದು ಒಡ್ಡಿದ ಉರುಲಿಗೋ, ಕಟ್ಟೆಯಿಲ್ಲದ ಬಾವಿಗೋ, ರಸ್ತೆಯ ವಾಹನಕ್ಕೋ ಸಿಕ್ಕಿ ಬೀಳುತ್ತವೆ. ಹಾಗೆ ಬಿದ್ದ ಜಿಂಕೆಯನ್ನು ಕಂಡಾಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಕುರಿ ಸಾಕಣೆಯ ಮನೆಯಲ್ಲಿ ಬೆಳೆದು ಪಶು ಆಸ್ಪತ್ರೆಯ ಕೆಲಸದಲ್ಲಿ ವರ್ಷಗಟ್ಟಲೆ ಕಳೆದವನಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೃಷ್ಣಮೃಗ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯ ಪ್ರಾಣಿ. ಅದನ್ನು ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸದ ಜೊತೆಗೆ ಕನಿಷ್ಠ 25,000 ರೂಪಾಯಿ ದಂಡವಿದೆ. ತಾನಾಗಿ ಸತ್ತು ಬಿದ್ದ ಪ್ರಾಣಿಯೂ, ಅದರ ಮಾಂಸವೂ ಸರ್ಕಾರದ ಸ್ವತ್ತು. ಅಂಥದ್ದು ಕೈಗೆ ಸಿಕ್ಕವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಆದ್ದರಿಂದ ಜಿಂಕೆ ಕಂಡ ಕೂಡಲೇ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ, ಊರು, ಸರ್ವೆ ನಂಬರು, ಹೋಗುವ ದಾರಿ, ಜಿಂಕೆ ಬದುಕಿದೆಯೇ ಸತ್ತಿದೆಯೇ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಬೇಲಿಯ ತಂತಿಯಲ್ಲಿ ವಿದ್ಯುತ್ ಹರಿಯುತ್ತಿರುವ ಅನುಮಾನವಿದ್ದರೆ ಹತ್ತಿರ ಹೋಗದೆ ಬೆಸ್ಕಾಂನ 1912ಕ್ಕೂ ಕರೆ ಮಾಡಿ. ಪ್ರಾಣಿಯನ್ನು ಬಿಡಿಸಲು ಹೋದ ಮನುಷ್ಯನ ಜೀವವೂ ಅದೇ ತಂತಿಯಲ್ಲಿ ಹೋದೀತು.

ಜಿಂಕೆ ಬದುಕಿದ್ದರೆ ಅದಕ್ಕೆ ಗಾಯದಷ್ಟೇ ಅಪಾಯ ಭಯದಿಂದಲೂ ಇದೆ. ಬೆನ್ನಟ್ಟಿಸಿಕೊಂಡು ಓಡಿದ, ಹಿಡಿತಕ್ಕೆ ಸಿಕ್ಕಿ ಒದ್ದಾಡಿದ ಜಿಂಕೆಯ ಮೈ ವಿಪರೀತ ಬಿಸಿಯಾಗುತ್ತದೆ, ಸ್ನಾಯುಗಳು ಒಳಗೊಳಗೇ ಹಾಳಾಗಿ ಅವುಗಳಿಂದ ರಕ್ತಕ್ಕೆ ಸೇರುವ ವಸ್ತುಗಳು ಮೂತ್ರಪಿಂಡವನ್ನೂ ಹೃದಯವನ್ನೂ ಕೆಡಿಸುತ್ತವೆ; ಹೊರಗೆ ಒಂದು ಗೀರೂ ಇಲ್ಲದ ಪ್ರಾಣಿ ಕೆಲವೇ ಗಂಟೆಗಳಲ್ಲಿ, ಕೆಲವೊಮ್ಮೆ ಎರಡು ಮೂರು ದಿನಗಳ ನಂತರ ಸಾಯುವುದು ಇದರಿಂದಲೇ. ರಾಗಿ ಕೊಯ್ದು ಕೂಳೆ ಉಳಿದಿದ್ದ ಹೊಲವೊಂದರಲ್ಲಿ ನಾಯಿಗಳಿಂದ ಬಿಡಿಸಿದ್ದ ಹೆಣ್ಣು ಜಿಂಕೆಯೊಂದನ್ನು ನಾನು ನೋಡಿದ್ದೆ. ತೊಡೆಯಲ್ಲಿ ಎರಡು ಹಲ್ಲಿನ ಗುರುತು ಬಿಟ್ಟರೆ ಹೆಚ್ಚಿನ ಗಾಯವಿರಲಿಲ್ಲ. ಸುತ್ತ ಮೂವತ್ತು ನಲವತ್ತು ಜನ ನಿಂತಿದ್ದರು, ಒಬ್ಬರು ಕತ್ತು ಹಿಡಿದಿದ್ದರು, ಇನ್ನೊಬ್ಬರು ಕನಿಕರದಿಂದಲೇ ಚೊಂಬಿನಲ್ಲಿ ಬಾಯಿಗೆ ನೀರು ಹೊಯ್ಯುತ್ತಿದ್ದರು, ಮಕ್ಕಳು ಮೊಬೈಲ್ ಹಿಡಿದು ಮುಖದ ಹತ್ತಿರಕ್ಕೆ ಬಾಗಿದ್ದರು. ಅದರ ಪಕ್ಕೆ ತಿದಿಯಂತೆ ಏರಿಳಿಯುತ್ತಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು, ಮೂಗಿನಿಂದ ನೀರು ನೊರೆಯಾಗಿ ಬರುತ್ತಿತ್ತು. ಜೀಪು ಬರುವಷ್ಟರಲ್ಲಿ ಅದು ತೀರಿಕೊಂಡಿತು. ಅಲ್ಲಿದ್ದ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುತ್ತದೆ.

ಆದ್ದರಿಂದ ಜನರನ್ನೂ ನಾಯಿಗಳನ್ನೂ ದೂರ ಕಳಿಸಿ, ಇಬ್ಬರು ಮಾತ್ರ ಉಳಿಯಿರಿ. ಏಳಲಾಗದ ಜಿಂಕೆಯ ಬೆನ್ನಿನ ಕಡೆಯಿಂದ ಸದ್ದಿಲ್ಲದೆ ಹೋಗಿ, ಮೂಗು ಮುಚ್ಚದಂತೆ ಕಣ್ಣುಗಳ ಮೇಲೆ ತೆಳುವಾದ ಟವಲ್ ಹೊದಿಸಿದರೆ ಅದು ಬಹುಮಟ್ಟಿಗೆ ಶಾಂತವಾಗುತ್ತದೆ. ಗಂಡಾದರೆ ಕೊಂಬಿನ ತಿವಿತಕ್ಕೆ ಸಿಕ್ಕದಷ್ಟು ಅಂತರ ಇರಲಿ. ಬಿಸಿಲಿದ್ದರೆ ಎತ್ತಿ ಸಾಗಿಸುವ ಬದಲು ಅದು ಇರುವಲ್ಲೇ ಗೋಣಿಚೀಲವನ್ನೋ ಸೀರೆಯನ್ನೋ ಕಟ್ಟಿ ನೆರಳು ಮಾಡಿ. ಬಾಯಿಗೆ ನೀರು, ಹಾಲು, ಮಾತ್ರೆ ಯಾವುದನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾಲು ಕಟ್ಟುವುದು, ಮೋಟಾರ್ ಸೈಕಲ್ಲಿನಲ್ಲಿ ಹೇರಿಕೊಂಡು ಹೋಗುವುದು ಕೂಡದು. ಹುಲ್ಲಿನಲ್ಲಿ ಒಂಟಿಯಾಗಿ ಮುದುರಿ ಮಲಗಿದ ಮರಿಯನ್ನಂತೂ ತಬ್ಬಲಿಯೆಂದು ಎತ್ತಿ ತರಬೇಡಿ. ತಾಯಿ ಅದನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತದೆ, ನೀವು ದೂರವಾದ ಮೇಲೆ ಹಾಲೂಡಿಸಲು ಬರುತ್ತದೆ.

ಬೆನ್ನುಮೂಳೆ ಮುರಿದು ನರಳುತ್ತಿರುವ ಪ್ರಾಣಿಯನ್ನು ಕಂಡಾಗ ಒಂದೇ ಏಟಿಗೆ ಮುಗಿಸಿಬಿಡುವುದು ದಯೆಯಲ್ಲವೇ ಎಂದು ಕೇಳುವವರಿದ್ದಾರೆ. ಪರವಾನಗಿ ಪಡೆದು ಜಿಂಕೆ ಬೇಟೆಯಾಡಲು ಅವಕಾಶವಿರುವ ಅಮೆರಿಕದಂತಹ ದೇಶಗಳಲ್ಲೂ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ: ಪ್ರಾಣಿ ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂಬದಿಗೆ, ಹೃದಯ ಮತ್ತು ಶ್ವಾಸಕೋಶ ಇರುವ ಕಡೆಗೆ ಗುರಿಯಿಡಬೇಕೆಂದೂ, ತಲೆ ಸ್ವಲ್ಪ ಅಲುಗಿದರೂ ದವಡೆ ಮುರಿದುಕೊಂಡು ದಿನಗಟ್ಟಲೆ ಹಸಿದು ಸಾಯುವುದರಿಂದ ತಲೆಗೆ ಗುರಿಯಿಡಬಾರದೆಂದೂ ಅಲ್ಲಿನ ಬೇಟೆಗಾರರಿಗೆ ಕಲಿಸುತ್ತಾರೆ. ನಮ್ಮಲ್ಲಿ ಆ ತೀರ್ಮಾನ ಊರಿನವರ ಕೈಯಲ್ಲಿ ಇಲ್ಲವೇ ಇಲ್ಲ. ಚೇತರಿಸಿಕೊಳ್ಳಲಾರದಷ್ಟು ಗಾಯಗೊಂಡ ಅಥವಾ ರೋಗಕ್ಕೆ ತುತ್ತಾದ ಮೊದಲನೇ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ಕೊಡಬೇಕು. ಕುಡುಗೋಲು, ನಾಡಬಂದೂಕುಗಳಿಂದ ಆಗುವುದು ನೋವಿನ ಹೆಚ್ಚಳವೇ ಹೊರತು ಬಿಡುಗಡೆಯಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಜಿಂಕೆ ಸತ್ತಿದ್ದರೆ ಎಚ್ಚರಿಕೆ ಇನ್ನೂ ಹೆಚ್ಚಿರಬೇಕು. ಗಾಯದ ಗುರುತಿಲ್ಲದೆ ಇದ್ದಕ್ಕಿದ್ದಂತೆ ಸತ್ತ ಜಿಂಕೆಯನ್ನಾಗಲಿ ಕುರಿಯನ್ನಾಗಲಿ ಕಂಡಾಗ ನಾನು ಮೊದಲು ನೆನೆಯುವುದು ನೆರಡಿ ರೋಗವನ್ನು, ಅಂದರೆ ಅಂಥ್ರಾಕ್ಸನ್ನು. ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪಾದ, ಹೆಪ್ಪುಗಟ್ಟದ ರಕ್ತ ಸೋರಿರುವುದು, ಹೊಟ್ಟೆ ಬೇಗನೆ ಉಬ್ಬುವುದು, ಹೆಣ ಸರಿಯಾಗಿ ಸೆಟೆದುಕೊಳ್ಳದಿರುವುದು ಇದರ ಗುರುತುಗಳು. ಆದರೆ ಈ ಗುರುತುಗಳು ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ತಿಳಿಯಬಾರದು. ಹೆಣವನ್ನು ಕೊಯ್ಯದೆ ಬಿಟ್ಟರೆ ಒಳಗಿನ ರೋಗಾಣುಗಳು ಕೊಳೆಯುವಿಕೆಯಲ್ಲೇ ಬಹುಪಾಲು ಸಾಯುತ್ತವೆ. ಚಾಕು ಹಾಕಿದರೆ ಅವು ಗಾಳಿಯ ಸಂಪರ್ಕಕ್ಕೆ ಬಂದು ಗಟ್ಟಿ ಕವಚದ ಬೀಜಾಣುಗಳಾಗಿ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ, ಮುಂದೆ ಎಂದೋ ಅದೇ ನೆಲದಲ್ಲಿ ಮೇಯುವ ನಿಮ್ಮದೇ ಮಂದೆಗೆ ಅಂಟುತ್ತವೆ. ಸಾಧಾರಣ ಅಡುಗೆಯ ಕುದಿಯನ್ನು ಈ ಬೀಜಾಣುಗಳು ತಾಳಿಕೊಳ್ಳಬಲ್ಲವು. ಆದ್ದರಿಂದ ಚೆನ್ನಾಗಿ ಬೇಯಿಸಿದರೆ ಸಾಕು ಎಂಬ ಮಾತನ್ನು ನಂಬಬೇಡಿ. ಹೆಣ ತಣ್ಣಗಾಗುತ್ತಿದ್ದಂತೆ ಕಿವಿಯ ಹಿಂದೆ, ತೊಡೆಯ ಸಂದಿಯಲ್ಲಿ ಕಚ್ಚಿಕೊಂಡಿದ್ದ ಉಣ್ಣಿಗಳು ಒಂದೊಂದಾಗಿ ಕಳಚಿಕೊಂಡು ಹೊಸ ಮೈ ಹುಡುಕುತ್ತಾ ಹೊರಡುವುದನ್ನು ಒಮ್ಮೆ ಹತ್ತಿರದಿಂದ ನೋಡಿದವರು ಸತ್ತ ಜಿಂಕೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುವುದಿಲ್ಲ.

ಹೆಣದ ಹತ್ತಿರಕ್ಕೆ ನಾಯಿ, ಕಾಗೆ ಬರದಂತೆ ದೂರದಿಂದ ಕಾಯಿರಿ, ಕುರಿ ಮೇಕೆಗಳನ್ನು ಬೇರೆ ಕಡೆಗೆ ಹೊಡೆದುಕೊಂಡು ಹೋಗಿ. ಪಂಚನಾಮೆ, ಮರಣೋತ್ತರ ಪರೀಕ್ಷೆ, ನಂತರ ಸುಡುವುದೋ ಹೂಳುವುದೋ ಎಂಬ ನಿರ್ಧಾರ ಇಲಾಖೆಯವರಿಗೂ ಪಶುವೈದ್ಯರಿಗೂ ಸೇರಿದ್ದು. ನೆರಡಿಯ ಅನುಮಾನವಿದ್ದರೆ ಅವರು ಹೆಣವನ್ನು ಕೊಯ್ಯದೆಯೇ ಪರೀಕ್ಷೆಗೆ ರಕ್ತದ ಲೇಪ ತೆಗೆದುಕೊಳ್ಳುತ್ತಾರೆ. ಜಿಂಕೆ ಮತ್ತು ಕುರಿ ಒಂದೇ ಕುಂಟೆಯ ನೀರು ಕುಡಿಯುವ ನಮ್ಮ ಸೀಮೆಯಲ್ಲಿ ಕುರಿ ಮೇಕೆಗಳ ಅಂಟುರೋಗವಾದ ಪಿಪಿಆರ್, ಕಾಲುಬಾಯಿ ಜ್ವರಗಳು ಎರಡೂ ಕಡೆಗೆ ದಾಟಬಲ್ಲವು. ಮಂದೆಗೆ ಲಸಿಕೆ ಹಾಕಿಸದ ಕುರಿಗಾಹಿ ತನ್ನ ಕುರಿಗಳ ಜೊತೆಗೆ ಜಿಂಕೆಗಳನ್ನೂ ಅಪಾಯಕ್ಕೆ ಒಡ್ಡುತ್ತಾನೆ. ಮಂದೆಯಲ್ಲಿ ಜ್ವರ, ಭೇದಿ, ಬಾಯಿಹುಣ್ಣು ಕಂಡರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾಲಯವನ್ನು ಕರೆಸಿಕೊಳ್ಳಬಹುದು.

ತಿಳಿಯದೆ ಮುಟ್ಟಿದ್ದರೆ ಮುಚ್ಚಿಡಬೇಡಿ. ಕೈಕಾಲುಗಳನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ, ತೊಟ್ಟಿದ್ದ ಬಟ್ಟೆಯನ್ನು ಬೇರೆ ಬಟ್ಟೆಗಳೊಡನೆ ಸೇರಿಸದೆ ಕುದಿಸಿ ಒಗೆಯಿರಿ. ನಾಯಿ ಕಚ್ಚಿದ್ದ ಜಿಂಕೆಯ ಜೊಲ್ಲು ನಿಮ್ಮ ಗಾಯಕ್ಕೋ ಕಣ್ಣಿಗೋ ತಗುಲಿದ್ದರೆ ರೇಬಿಸ್‌ನ ಅಪಾಯವಿದೆ. ಗಾಯವನ್ನು 15 ನಿಮಿಷ ಸೋಪಿನಿಂದ, ಕಣ್ಣನ್ನು ಬರಿಯ ನೀರಿನಿಂದ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಮುಂದಿನ ಒಂದು ವಾರದಲ್ಲಿ ಕೈ ಅಥವಾ ಮುಖದ ಮೇಲೆ ತುರಿಕೆಯಾಗಿ ಶುರುವಾಗಿ, ಗುಳ್ಳೆಯೆದ್ದು, ನಡುವೆ ಕಪ್ಪಾದ, ಅಷ್ಟಾಗಿ ನೋವಿಲ್ಲದ ಹುಣ್ಣು ಕಂಡುಬಂದರೆ ಅದು ನೆರಡಿ ಇರಬಹುದು, ನೋವಿಲ್ಲವೆಂದು ಕಡೆಗಣಿಸದೆ ಅಂದೇ ವೈದ್ಯರ ಬಳಿಗೆ ಹೋಗಿ, ಯಾವ ದಿನ ಯಾವ ಹೊಲದಲ್ಲಿ ಸತ್ತ ಪ್ರಾಣಿಯನ್ನು ಮುಟ್ಟಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.