ಕೌನ್ಸಿಲ್‌ನ ಹೊಸ ಲೈಸೆನ್ಸಿಂಗ್ ನೀತಿ: ಇಂಗ್ಲೆಂಡಿಗೆ ಹೊಸದಾಗಿ ಬಂದ ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ

ನಮ್ಮ ಕಡೆ ಖಾನಾವಳಿಯ ಪರವಾನಗಿಗೆ ಪಾಲಿಕೆಗೋ ನಗರಸಭೆಗೋ ಹೋಗುತ್ತೇವೆ. ಮದ್ಯದ ಲೈಸೆನ್ಸ್ ಅಬಕಾರಿ ಇಲಾಖೆಯದು. ಇಂಗ್ಲೆಂಡಿನಲ್ಲಿ ಮದ್ಯ ಮಾರಾಟ, ಸಾರ್ವಜನಿಕ ಮನರಂಜನೆ, ರಾತ್ರಿ 11ರಿಂದ ಬೆಳಗಿನ 5ರವರೆಗೆ ಬಿಸಿ ತಿನಿಸು ಮತ್ತು ಚಹಾ ಮಾರುವುದು, ಇವೆಲ್ಲ ಸ್ಥಳೀಯ ಕೌನ್ಸಿಲ್ ಕೈಯಲ್ಲಿವೆ. 2003ರ ಲೈಸೆನ್ಸಿಂಗ್ ಕಾಯ್ದೆಯಂತೆ ಪ್ರತಿ ಕೌನ್ಸಿಲ್ ಲೈಸೆನ್ಸ್ ಅರ್ಜಿಗಳನ್ನು ಹೇಗೆ ತೀರ್ಮಾನಿಸುತ್ತದೆಂಬ ತನ್ನ ನೀತಿಯನ್ನು 5 ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಪ್ರಕಟಿಸಬೇಕು.

ಹೊಸ ನೀತಿ ಬಂತೆಂದರೆ ಈಗಾಗಲೇ ಲೈಸೆನ್ಸ್ ಇದ್ದವರು ಗಾಬರಿಯಾಗಬೇಕಿಲ್ಲ. ಅವರ ಷರತ್ತುಗಳು ತಾವಾಗಿಯೇ ಬದಲಾಗುವುದಿಲ್ಲ. ಹೊಸ ಅರ್ಜಿ ಹಾಕುವವರು ಮಾತ್ರ ಅದನ್ನು ಓದಲೇಬೇಕು. ಅರ್ಜಿ ಕೊಟ್ಟ ಮೇಲೆ 28 ದಿನ ಅಂಗಡಿ ಮುಂದೆ ತಿಳಿನೀಲಿ ಕಾಗದದ ನೋಟಿಸ್ ಅಂಟಿಸಿರಬೇಕು, ಸ್ಥಳೀಯ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಅಷ್ಟರೊಳಗೆ ಪೊಲೀಸರು, ಗದ್ದಲ, ನೈರ್ಮಲ್ಯ ನೋಡಿಕೊಳ್ಳುವ ಪರಿಸರ ಆರೋಗ್ಯ ವಿಭಾಗ, ನೆರೆಹೊರೆಯವರು ಯಾರೂ ತಕರಾರು ಎತ್ತದಿದ್ದರೆ ಕೌನ್ಸಿಲ್ ಲೈಸೆನ್ಸ್ ಕೊಡಲೇಬೇಕು. ತಕರಾರು ಬಂದರೆ ಕೌನ್ಸಿಲರ್‌ಗಳ ಉಪಸಮಿತಿ ವಿಚಾರಣೆ ಮಾಡುತ್ತದೆ, ನೀತಿಗೆ ತೂಕ ಬರುವುದು ಅಲ್ಲಿ. ಆದ್ದರಿಂದ ಅರ್ಜಿಗೆ ಮೊದಲೇ ಪೊಲೀಸ್ ಲೈಸೆನ್ಸಿಂಗ್ ಅಧಿಕಾರಿಯ ಜೊತೆ ಮಾತಾಡಿ, ಅವರು ಕೇಳುವ ಷರತ್ತುಗಳನ್ನು ನೀವೇ ಅರ್ಜಿಯಲ್ಲಿ ಬರೆದುಬಿಡಿ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನೀತಿಯಲ್ಲಿ ಮೊದಲು ಹುಡುಕಬೇಕಾದದ್ದು ‘ಕ್ಯುಮುಲೇಟಿವ್ ಇಂಪ್ಯಾಕ್ಟ್’ ಪ್ರದೇಶದ, ಅಂದರೆ ಲೈಸೆನ್ಸ್ ಇರುವ ಮಳಿಗೆಗಳು ಈಗಾಗಲೇ ಹೆಚ್ಚಾಗಿ ತೊಂದರೆಯಾಗುತ್ತಿದೆ ಎಂದು ಕೌನ್ಸಿಲ್ ಗುರುತಿಸಿದ ಜಾಗದ, ನಕ್ಷೆ. ನಿಮ್ಮ ಬೀದಿ ಅದರೊಳಗಿದ್ದರೆ, ಇನ್ನೊಂದು ಲೈಸೆನ್ಸಿನಿಂದ ಅಲ್ಲಿನ ಗದ್ದಲ ಹೆಚ್ಚುವುದಿಲ್ಲವೆಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಮಳಿಗೆಗೆ ಅಡ್ವಾನ್ಸ್ ಕೊಡುವ ಮುಂಚೆಯೇ ಈ ನಕ್ಷೆ ನೋಡಿ.

ಹೊಸಬರಿಗೆ ಹೆಚ್ಚು ಬೇಕಾಗುವುದು ರಾಜ್ಯೋತ್ಸವದಂಥ ಕಾರ್ಯಕ್ರಮದ ಲೆಕ್ಕ. ಸಮುದಾಯ ಭವನದಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 11ರೊಳಗೆ, 500ಕ್ಕೆ ಮೀರದ ಪ್ರೇಕ್ಷಕರ ಮುಂದೆ ಡೊಳ್ಳು ಕುಣಿತ, ನಾಟಕ, ಹಾಡು ನಡೆಸಲು ಸಾಮಾನ್ಯವಾಗಿ ಲೈಸೆನ್ಸ್ ಬೇಡ. ಮೈಕ್ ಹಚ್ಚಿ ಹಾಡಿಸುವುದಾದರೆ ಭವನದವರ ಲಿಖಿತ ಒಪ್ಪಿಗೆ ಇಟ್ಟುಕೊಳ್ಳಿ. ಮದ್ಯ ಮಾರುವುದಾದರೆ, ಇಲ್ಲವೇ 11ರ ನಂತರವೂ ಹಾಡು ಮುಂದುವರಿಯುವುದಾದರೆ, ‘ಟೆಂಪರರಿ ಈವೆಂಟ್ ನೋಟಿಸ್’ (ತಾತ್ಕಾಲಿಕ ಕಾರ್ಯಕ್ರಮದ ಸೂಚನೆ) ಅನ್ನು ಕೌನ್ಸಿಲ್‌ಗೆ ಕೊಡಬೇಕು. ಶುಲ್ಕ 21 ಪೌಂಡ್.

ಎಡವುವುದು ದಿನಗಳ ಎಣಿಕೆಯಲ್ಲಿ. ನೋಟಿಸ್ ಕೊಡುವುದಕ್ಕೂ ಕಾರ್ಯಕ್ರಮಕ್ಕೂ ನಡುವೆ 10 ಪೂರ್ಣ ಕೆಲಸದ ದಿನ ಇರಬೇಕು. ನೋಟಿಸ್ ತಲುಪಿದ ದಿನವೂ ಕಾರ್ಯಕ್ರಮದ ದಿನವೂ ಲೆಕ್ಕಕ್ಕಿಲ್ಲ, ಶನಿವಾರ, ಭಾನುವಾರ, ಬ್ಯಾಂಕ್ ರಜೆಯೂ ಇಲ್ಲ. 2026ರ ಅಕ್ಟೋಬರ್ 31, ಶನಿವಾರ ಕಾರ್ಯಕ್ರಮ ಎಂದುಕೊಳ್ಳಿ: ಅಕ್ಟೋಬರ್ 16, ಶುಕ್ರವಾರದೊಳಗೆ ನೋಟಿಸ್ ಕೌನ್ಸಿಲ್ ಸೇರಿರಬೇಕು. ತಡವಾದರೆ 23ರವರೆಗೆ ‘ಲೇಟ್’ ನೋಟಿಸ್ ಕೊಡಲು ಬರುತ್ತದೆ, ಆದರೆ ಅದಕ್ಕೆ ಪೊಲೀಸರೋ ಪರಿಸರ ಆರೋಗ್ಯದವರೋ ಬೇಡವೆಂದರೆ ವಿಚಾರಣೆಯೂ ಇಲ್ಲ, ನೋಟಿಸ್ ಅಲ್ಲಿಗೇ ರದ್ದು. ಆನ್‌ಲೈನ್‌ನಲ್ಲಿ ಕೊಟ್ಟರೆ ಪ್ರತಿಗಳನ್ನು ಕೌನ್ಸಿಲ್ಲೇ ಅವರಿಬ್ಬರಿಗೆ ಕಳಿಸುತ್ತದೆ. ಕಾಗದದಲ್ಲಿ ಕೊಟ್ಟರೆ ನೀವೇ ಕಳಿಸಬೇಕು.

ಈ ನೋಟಿಸ್ ಮೇಲೆ ನಡೆಸುವ ಕಾರ್ಯಕ್ರಮದಲ್ಲಿ ಒಮ್ಮೆಗೆ ಇರಬಹುದಾದವರು 499. ಅಡುಗೆಯವರು, ಕಲಾವಿದರು, ಸ್ವಯಂಸೇವಕರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಒಂದು ಭವನಕ್ಕೆ ಕ್ಯಾಲೆಂಡರ್ ವರ್ಷದಲ್ಲಿ 15 ನೋಟಿಸ್, ಒಟ್ಟು 21 ದಿನದ ಮಿತಿ ಇದೆ. ರಾಜ್ಯೋತ್ಸವದ ಹೊತ್ತಿಗೆ ಅದು ಮುಗಿದಿರಲೂಬಹುದು. ಬುಕ್ ಮಾಡುವಾಗ ಇನ್ನೆಷ್ಟು ಉಳಿದಿವೆ ಎಂದು ಕೇಳಿ.

ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವರಿಗೆ ಮೇಲಿನ ಯಾವ ಲೈಸೆನ್ಸೂ ಬೇಡ, ಆಹಾರ ನೋಂದಣಿ ಬೇಕು. ಶುರುಮಾಡುವ 28 ದಿನ ಮೊದಲು ಕೌನ್ಸಿಲ್‌ನಲ್ಲಿ ಹೆಸರು ಬರೆಸಬೇಕು, ಶುಲ್ಕವಿಲ್ಲ. ಅಲರ್ಜಿಗೆ ಕಾರಣವಾಗುವ 14 ಪದಾರ್ಥಗಳ ಪಟ್ಟಿಯಲ್ಲಿ ಶೇಂಗಾ, ಎಳ್ಳು ಎರಡೂ ಇವೆ. ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿ ಪೊಟ್ಟಣ ಕಟ್ಟಿಡುವವರು ಪದಾರ್ಥಗಳನ್ನೆಲ್ಲ ಲೇಬಲ್ ಮೇಲೆ ಬರೆದು, ಈ ಹೆಸರುಗಳನ್ನು ದಪ್ಪಕ್ಷರದಲ್ಲಿ ಕಾಣಿಸಬೇಕು. ಇದು ಜೀವದ ಪ್ರಶ್ನೆ. ಸ್ಟೂಡೆಂಟ್ ವೀಸಾದಲ್ಲಿರುವವರು ಸ್ವಂತ ವ್ಯಾಪಾರ ಮಾಡುವಂತಿಲ್ಲ, ಮನೆಯಿಂದಲೂ.

ಖಾನಾವಳಿ ತೆರೆಯುವವರು ಪ್ಲಾನಿಂಗ್ ಅನುಮತಿಯನ್ನು (ಕಟ್ಟಡದ ಬಳಕೆಗೆ ಬೇಕಾದ ಅನುಮತಿ) ಬೇರೆಯಾಗಿಯೇ ನೋಡಿ. ಲೈಸೆನ್ಸಿನಲ್ಲಿ ರಾತ್ರಿ 12 ಎಂದಿದ್ದು, ಕಟ್ಟಡದ ಪ್ಲಾನಿಂಗ್ ಷರತ್ತು 10 ಎಂದರೆ, ಬಾಗಿಲು ಹಾಕಬೇಕಾದದ್ದು 10ಕ್ಕೆ.