ನಾಬ್ ತೆಗೆದು ಲಿವರ್ ಹಾಕಿದ್ದು: ಆರ್‌ವಿ-6ರ ಥ್ರಾಟಲ್, ಮಿಕ್ಸ್ಚರ್

ಆರ್‌ವಿ-6 ಎಂದರೆ ಕಿಟ್ ತಂದು ಕಟ್ಟಿಕೊಳ್ಳುವ ಸಣ್ಣ ವಿಮಾನ. ನನ್ನದರ ಎಂಜಿನ್ ಲೈಕಮಿಂಗ್ ಓ-320, ಪ್ರೊಪೆಲ್ಲರ್ ಫಿಕ್ಸೆಡ್ ಪಿಚ್, ಅಂದರೆ ಅದರ ಅಲಗುಗಳ ಕೋನ ಬದಲಾಗದು, ಅದಕ್ಕೆ ಲಿವರ್ ಬೇಡ. ಹಾಗಾಗಿ ಪ್ಯಾನಲ್ಲಿನ ಎಳೆಯುವ ನಾಬ್‌ಗಳ ಬದಲು ಕೂರಿಸಿದ ಕ್ವಾಡ್ರಂಟಿನಲ್ಲಿ (ಲಿವರ್‌ಗಳ ಚೌಕಟ್ಟು) ಎರಡೇ ಲಿವರ್: ಕಪ್ಪು ಥ್ರಾಟಲ್ಲಿಗೆ (ಎಂಜಿನ್ನಿನ ಪವರ್), ಕೆಂಪು ಮಿಕ್ಸ್ಚರಿಗೆ (ಗಾಳಿಗೆ ಬೆರೆಯುವ ಇಂಧನದ ಪ್ರಮಾಣ). ಕಾರ್ಬುರೇಟರಿಗೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟಿನ ನಾಬ್ ಇದ್ದಲ್ಲೇ ಇದೆ.

ಅಳತೆ ಶುರುವಾಗಬೇಕಾದದ್ದು ಕಾರ್ಬುರೇಟರಿನಿಂದ. ಕೇಬಲ್ ಬಿಚ್ಚಿ, ಅದು ಎಳೆಯುವ ಸಣ್ಣ ತೋಳನ್ನು, ಅಂದರೆ ಆರ್ಮನ್ನು, ಕೈಯಲ್ಲೇ ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ತಿರುಗಿಸಿ, ಕೇಬಲ್ ಎಷ್ಟು ದೂರ ಚಲಿಸಬೇಕೆಂದು ನೋಡಿದೆ. ಅದಕ್ಕಿಂತ ಕಾಲು ಇಂಚು ಹೆಚ್ಚು ಓಟ ಕೊಡುವ ತೂತನ್ನು ಲಿವರಿನಲ್ಲಿ ಆರಿಸಿದೆ. ಎರಡೂ ತುದಿಯಲ್ಲಿ ಆರ್ಮ್ ಮೊದಲು ಸ್ಟಾಪಿಗೆ ತಾಗಬೇಕು, ಆಮೇಲೂ ಲಿವರಿಗೆ 1/8 ಇಂಚು ಉಳಿದಿರಬೇಕು. ಲಿವರೇ ಮೊದಲು ಕೊನೆ ಮುಟ್ಟಿದರೆ ಪೂರ್ತಿ ಥ್ರಾಟಲ್ ತೆರೆಯುವುದಿಲ್ಲ. ಮಿಕ್ಸ್ಚರ್ ಪೂರ್ತಿ ರಿಚ್ (ಇಂಧನ ಹೆಚ್ಚು) ಆಗದಿದ್ದರೆ ಟೇಕಾಫಿನಲ್ಲೇ ಸಿಲಿಂಡರ್ ಹೆಡ್ ಕಾಯುತ್ತದೆ. ಮಿಕ್ಸ್ಚರಿನ ಇನ್ನೊಂದು ತುದಿಯಲ್ಲಿ, ಇಂಧನ ನಿಲ್ಲಿಸುವ ಕಡೆ, ಕೊರತೆಯಾದರೆ ಎಂಜಿನ್ ಆಫೇ ಆಗುವುದಿಲ್ಲ.

ನಾನು ಎಡವಿದ್ದು ಕೇಬಲ್ಲಿನ ಹೊರಕವಚ ಹಿಡಿಯುವ ಕ್ಲಾಂಪಿನಲ್ಲಿ. ಹತ್ತಿರ ಸಿಕ್ಕಿತೆಂದು ಎಂಜಿನ್ ಮೌಂಟಿನ ಪೈಪಿಗೆ ಬಿಗಿದಿದ್ದೆ. ಮೌಂಟ್ ವಿಮಾನದ ಜೊತೆಗೆ ನಿಲ್ಲುತ್ತದೆ, ಎಂಜಿನ್ ರಬ್ಬರಿನ ಮೇಲೆ ಓಲಾಡುತ್ತದೆ. ಒಂದೊಂದು ಓಲಾಟಕ್ಕೂ ಥ್ರಾಟಲ್ ಆರ್ಮನ್ನು ಕೇಬಲ್ ತಾನೇ ಎಳೆಯುತ್ತಿತ್ತು. ಐಡಲ್ ಆರ್‌ಪಿಎಂ ಏರಿಳಿಯುತ್ತಿದ್ದರೆ ಐಡಲ್ ಸ್ಕ್ರೂ ಮುಟ್ಟುವ ಮೊದಲು ಇದನ್ನು ನೋಡಿ. ಬ್ರಾಕೆಟ್ ಎಂಜಿನ್ನಿನ ಮೇಲೆಯೇ, ಕಾರ್ಬುರೇಟರಿನ ಪಕ್ಕ ಇರಬೇಕು. ನಾನು ಆಯಿಲ್ ಸಂಪಿನ ಬೋಲ್ಟಿಗೆ ಸ್ಟೀಲ್ ಬ್ರಾಕೆಟ್ ಕೊಟ್ಟೆ.

ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಗೋಡೆ, ಅಂದರೆ ಫೈರ್‌ವಾಲನ್ನು ಕೇಬಲ್ ದಾಟಲು ಸ್ಟೀಲ್ ಐಬಾಲ್ (ತಿರುಗುವ ಗುಂಡಿನ ಫಿಟಿಂಗ್), ಸುತ್ತ ಬೆಂಕಿ ತಡೆಯುವ ಸೀಲೆಂಟ್. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ, ಪೆಟ್ರೋಲ್ ಬೆಂಕಿಯ ಬಿಸಿ ಆ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ನೈಲಾನ್ ಗ್ರಾಮೆಟ್ಟಿನ ಮಾತೇ ಬೇಡ.

ಕೇಬಲ್ಲಿನ ತುದಿಯಲ್ಲಿ ಆರ್ಮಿಗೆ ಸೇರುವ ಬೇರಿಂಗ್, ಅಂದರೆ ರಾಡ್ ಎಂಡಿಗೆ, ಎಎನ್3 (ವಿಮಾನದ ಬೋಲ್ಟಿನ ಅಳತೆ) ಬೋಲ್ಟ್, ಸೀಳುಗಳಿರುವ ಕ್ಯಾಸಲ್ ನಟ್, ಅದು ಬಿಚ್ಚದಂತೆ ಕಾಟರ್ ಪಿನ್. ತಿರುಗುವ ಜಾಗದಲ್ಲಿ ಒಳಗೆ ನೈಲಾನ್ ಬಳೆ ಇರುವ ಬರೀ ನೈಲಾಕ್ ನಟ್ ನನಗೆ ಸರಿಬರುವುದಿಲ್ಲ. ಬೇರಿಂಗಿನ ಹೊರಬದಿಗೆ ಎಎನ್970-3 ಅಗಲ ವಾಷರ್ ಮರೆಯಬೇಡಿ: ಬೇರಿಂಗಿನ ಗುಂಡು ಕಳಚಿಕೊಂಡರೂ ಕೇಬಲ್ ಆರ್ಮಿನಿಂದ ಜಾರದು. ರಾಡ್ ಎಂಡಿನ ಪಕ್ಕದ ಸಣ್ಣ ತೂತಿಗೆ ತಂತಿ ಹಾಕಿ ನೋಡಿ. ಆಚೆ ದಾಟಿದರೆ ಥ್ರೆಡ್ ಸಾಕಷ್ಟು ಒಳಗೆ ಹೋಗಿಲ್ಲ. ಕೊನೆಗೆ ರಾಡ್ ಎಂಡ್ ತಿರುಗದಂತೆ ಹಿಡಿಯುವ ಜಾಮ್ ನಟ್ ಬಿಗಿದು, ಸರಿದರೆ ಗೊತ್ತಾಗಲೆಂದು ಬಣ್ಣದ ಗೆರೆ ಎಳೆದೆ.

ಥ್ರಾಟಲ್ ಆರ್ಮಿಗೆ ಒಂದು ಸ್ಪ್ರಿಂಗನ್ನೂ ಸೇರಿಸಿದ್ದೇನೆ, ಎಳೆತ ಫುಲ್ ಥ್ರಾಟಲ್ ಕಡೆಗೆ. ಕೇಬಲ್ ತುಂಡಾದರೆ ಪವರ್ ಇರುತ್ತದೆ, ರನ್‌ವೇ ಸಿಕ್ಕಮೇಲೆ ಮಿಕ್ಸ್ಚರ್ ಎಳೆದು ನಿಲ್ಲಿಸಬಹುದು. ಆದರೆ ಲಿವರಿನ ಫ್ರಿಕ್ಷನ್ ಸಡಿಲವಿದ್ದರೆ ಇದೇ ಸ್ಪ್ರಿಂಗ್ ಲಿವರನ್ನು ಮೆಲ್ಲಗೆ ಮುಂದೆ ಎಳೆದುಕೊಂಡು ಹೋಗುತ್ತದೆ.

ಬಾಲ ಕಟ್ಟಿ, ಚಕ್ರಕ್ಕೆ ಚಾಕ್ ಇಟ್ಟು ಓಡಿಸಿದೆ. ಐಡಲ್‌ನಲ್ಲಿ ಮಿಕ್ಸ್ಚರ್ ನಿಧಾನ ಎಳೆದಾಗ ಆರ್‌ಪಿಎಂ 25ರಿಂದ 50 ಏರಿ, ಆಮೇಲೆ ಎಂಜಿನ್ ನಿಂತಿತು. ಮೊದಲ ಹಾರಾಟ ಮುಗಿದು ಎಂಜಿನ್ ತಣಿದ ಮೇಲೆ ಎಂಜಿನ್ ಮುಚ್ಚುವ ಕೌಲಿಂಗ್ ಬಿಚ್ಚಿ ಬಣ್ಣದ ಗೆರೆಗಳನ್ನು ಮತ್ತೆ ನೋಡಿದೆ. ಮಿಕ್ಸ್ಚರಿನ ಜಾಮ್ ನಟ್ ಕಾಲು ಸುತ್ತು ಸರಿದಿತ್ತು.