ಪೀಣ್ಯದ ಲೆಕ್ಕದಲ್ಲಿ ಕಪ್ಪುಕುಳಿಯ ನಡುಕ: ನನ್ನ ಅನುಭವ

ಪೀಣ್ಯದಲ್ಲಿ ನನ್ನ ಕೆಲಸ ಮೋಟಾರು, ಪಂಪು, ಗೇರ್‌ಬಾಕ್ಸ್‌ಗಳ ವೈಬ್ರೇಷನ್ ಅಳೆಯುವುದು. ಬೇರಿಂಗ್ ಸವೆದಿದೆಯಾ, ಬೋಲ್ಟು ಸಡಿಲವಾಗಿದೆಯಾ ಅಂತ ಯಂತ್ರ ಬಿಚ್ಚದೆ ಹೇಳಬೇಕು. ಅದರಲ್ಲಿ ನನಗೆ ಜಾಸ್ತಿ ಇಷ್ಟ ಬಂಪ್ ಟೆಸ್ಟ್. ನಿಂತ ಯಂತ್ರಕ್ಕೆ ಸುತ್ತಿಗೆಯಿಂದ ಒಂದೇ ಏಟು ಕೊಡುವುದು. ಅದು ಯಾವ ಫ್ರೀಕ್ವೆನ್ಸಿಯಲ್ಲಿ ನಡುಗುತ್ತದೆ, ಎಷ್ಟು ಬೇಗ ಸುಮ್ಮನಾಗುತ್ತದೆ ನೋಡುವುದು. ಈ ಎರಡು ನಂಬರ್ ಸಿಕ್ಕರೆ ಒಳಗಿನ ವಿಷಯ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಫೌಂಡ್ರಿಯ ಹಳೇ ಮೇಸ್ತ್ರಿಗಳಿಗೆ ಉಪಕರಣವೂ ಬೇಡ. ಎರಕ ತಟ್ಟಿ, "ಟಣ್ ಅಂದ್ರೆ ಪಾಸು, ಡಬ್ ಅಂದ್ರೆ ಬಿರುಕು" ಅಂದುಬಿಡುತ್ತಾರೆ.

ಕಪ್ಪುಕುಳಿಗೂ (ಬ್ಲ್ಯಾಕ್ ಹೋಲ್) ಹೀಗೆ ಏಟು ಕೊಟ್ಟು ನೋಡಬಹುದು ಅಂತ ತೋರಿಸಿದವರು ಬೆಂಗಳೂರಿನಲ್ಲೇ ಹುಟ್ಟಿದ ಸಿ. ವಿ. ವಿಶ್ವೇಶ್ವರ. ಚೌಡಯ್ಯ ರಸ್ತೆಯ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು ಇವರೇ. ತಾರಾಲಯಕ್ಕೆ ಶಾಲೆಯಿಂದ ಹೋಗಿ ಬಂದ ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಈ ಕೆಲಸ ಗೊತ್ತು ಹೇಳಿ. ಕಪ್ಪುಕುಳಿಗೆ ತಟ್ಟಲು ಮೇಲ್ಮೈಯೇ ಇಲ್ಲ, ಅಲ್ವಾ? ಅವರು ಕಂಪ್ಯೂಟರ್ ಲೆಕ್ಕದಲ್ಲಿ ಅದರ ಕಡೆಗೆ ಗುರುತ್ವದ ಅಲೆಯ ಸಣ್ಣ ಸಣ್ಣ ತುಣುಕುಗಳನ್ನು ಎಸೆದರು. ಅಗಲವಾದ ತುಣುಕು ಎಸೆದಾಗ ವಿಶೇಷವೇನೂ ಕಾಣಲಿಲ್ಲ. ಕಿರಿದು ಮಾಡಿದಾಗ ವಾಪಸ್ ಬಂದ ಅಲೆಯ ಬಾಲದಲ್ಲಿ ಬೇಗ ಬೇಗ ಕುಗ್ಗುವ ಒಂದು ನಡುಕ ಇತ್ತು. ಆ ನಡುಕ ಎಸೆದ ತುಣುಕಿನದಲ್ಲ, ಕಪ್ಪುಕುಳಿಯದ್ದೇ. ಇದು 1970ರ ಮಾತು. ಆಗ ಕಪ್ಪುಕುಳಿ ನಿಜವಾಗಿ ಇದೆಯೋ ಇಲ್ಲವೋ ಅನ್ನುವುದೇ ವಾದದಲ್ಲಿತ್ತು. 2015ರ ಸೆಪ್ಟೆಂಬರ್ 14ರಂದು, ಇಲ್ಲಿ ಗಣೇಶನ ಹಬ್ಬಕ್ಕೆ ಮೂರು ದಿನ ಇರುವಾಗ, ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ ಗುರುತ್ವದ ಅಲೆ ಹಿಡಿಯುವ ಅಮೆರಿಕದ ಎರಡು ಲೈಗೋ ಯಂತ್ರಗಳಿಗೆ ಎರಡು ಕಪ್ಪುಕುಳಿಗಳು ಸೇರಿದ ಅಲೆ ಸಿಕ್ಕಿತು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿತ್ತು. 2017ರ ಜನವರಿಯಲ್ಲಿ ವಿಶ್ವೇಶ್ವರ ತೀರಿಕೊಂಡರು. ನೋಡಿಕೊಂಡೇ ಹೋದರು ಅನ್ನುವುದು ನನಗೆ ಸಮಾಧಾನ.

ಆ ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಾಸಿಲ್ಲ, ಪರ್ಮಿಷನ್ ಬೇಡ. ನಾನು ತೆಗೆದುಕೊಂಡದ್ದು ಆ ಎರಡು ಯಂತ್ರಗಳಿರುವ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎರಡರದ್ದೂ 32 ಸೆಕೆಂಡಿನ ಫೈಲು. ಸೆಕೆಂಡಿಗೆ 4,096 ಪಾಯಿಂಟ್. 16,384ರದ್ದೂ ಇದೆ, ಈ ಕೆಲಸಕ್ಕೆ ಬೇಡ. ಪೈಥಾನ್ ಬಂದರೆ ಹಳೇ ಲ್ಯಾಪ್‌ಟಾಪ್ ಸಾಕು.

ಮೊದಲ ಸಲ ಗ್ರಾಫ್ ತೆಗೆದರೆ ಏನೂ ಕಾಣುವುದಿಲ್ಲ. ನಿಧಾನಕ್ಕೆ ಹೊಯ್ದಾಡುವ ಒಂದು ದಪ್ಪ ಗೆರೆ, ಅಷ್ಟೇ. ಸಿಗ್ನಲ್‌ನ ಗರಿಷ್ಠ ಎತ್ತರ 10⁻²¹. ಅಂದರೆ ಲೈಗೋ ಯಂತ್ರದ 4 ಕಿಲೋಮೀಟರ್ ಉದ್ದದ ತೋಳು ಪ್ರೋಟಾನ್ ಅಗಲದ ನಾನೂರನೇ ಒಂದು ಪಾಲಿನಷ್ಟು ಹಿಗ್ಗಿ ಕುಗ್ಗಿದೆ. ಎಫ್‌ಎಫ್‌ಟಿ ಹಾಕಿ, ಅಂದರೆ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ಬಿಡಿಸಿ ನೋಡಿದಾಗ ನನಗೆ ನಗು ಬಂತು. 60 ಹರ್ಟ್ಸ್‌ನಲ್ಲಿ ಚೂಪಾದ ಒಂದು ಕಂಬ ನಿಂತಿತ್ತು. ಕರೆಂಟಿನದ್ದು! ಪೀಣ್ಯದಲ್ಲಿ ನಾನು ದಿನಾ ಬೈಯುವುದು 50 ಹರ್ಟ್ಸ್ ಕಂಬಕ್ಕೆ. ಅಮೆರಿಕದ ಕರೆಂಟು 60, ಅದಕ್ಕೆ ಅಲ್ಲಿ 60. ಇನ್ನು 500 ಹರ್ಟ್ಸ್ ಆಸುಪಾಸಿನಲ್ಲಿ ಕನ್ನಡಿ ತೂಗುಹಾಕಿದ ಎಳೆಗಳು ಮಿಡಿಯುವ ಕಂಬಗಳು. ಇವೆಲ್ಲ ನನಗೆ ಹಳೇ ಪರಿಚಯಸ್ಥರು.

ಇಲ್ಲಿ ಮಾಡಬೇಕಾದದ್ದು ವೈಟನಿಂಗ್. ಯಾವ ಫ್ರೀಕ್ವೆನ್ಸಿಯಲ್ಲಿ ಮಾಮೂಲಾಗಿ ಎಷ್ಟು ಗಲಾಟೆ ಇರುತ್ತದೋ ಅಷ್ಟರಿಂದ ಅದನ್ನು ಭಾಗಿಸುವುದು. ಜೋರಾಗಿ ಕೂಗುವವರ ದನಿ ತಗ್ಗಿ ಎಲ್ಲರೂ ಒಂದೇ ಮಟ್ಟಕ್ಕೆ ಬರುತ್ತಾರೆ. ಆಮೇಲೆ 35ರಿಂದ 350 ಹರ್ಟ್ಸ್ ಮಾತ್ರ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್. ಅಲೆ ಲಿವಿಂಗ್‌ಸ್ಟನ್‌ಗೆ ಸುಮಾರು 7 ಮಿಲಿಸೆಕೆಂಡ್ ಮೊದಲು ತಲುಪಿತ್ತು. ಹ್ಯಾನ್‌ಫರ್ಡ್ ಗೆರೆಯನ್ನು ಅಷ್ಟು ಹಿಂದಕ್ಕೆ ಸರಿಸಿ, ತಲೆಕೆಳಗು ಮಾಡಿದೆ. ಎರಡು ಯಂತ್ರಗಳ ತೋಳುಗಳ ದಿಕ್ಕು ಬೇರೆ ಆದ್ದರಿಂದ ಹೀಗೆ ತಿರುಗಿಸಬೇಕಾಗುತ್ತದೆ. ಎರಡು ಗೆರೆಗಳೂ ಒಂದರ ಮೇಲೊಂದು ಕೂತವು. ಮೂರು ಸಾವಿರ ಕಿಲೋಮೀಟರ್ ದೂರದ ಎರಡು ಯಂತ್ರಗಳು ಒಂದೇ ಆಕಾರ ಬರೆದಿದ್ದವು. ಅದನ್ನು ನೋಡುತ್ತಾ ಆ ರಾತ್ರಿ ಸುಮ್ನೆ ಕೂತಿದ್ದೆ.

ಈಗ ಬಾಲಕ್ಕೆ ಬರೋಣ. ಸುತ್ತದೆ ಇರುವ ಕಪ್ಪುಕುಳಿಗೆ ಸೂತ್ರ ಸುಲಭ. 12,000ವನ್ನು ಅದರ ತೂಕದಿಂದ ಭಾಗಿಸಿದರೆ ನಡುಕ ಎಷ್ಟು ಹರ್ಟ್ಸ್ ಅಂತ ಸಿಗುತ್ತದೆ. ತೂಕ ಮಾತ್ರ ಸೂರ್ಯನ ಲೆಕ್ಕದಲ್ಲಿರಬೇಕು. ನಡುಕ ಕುಗ್ಗುವ ಸಮಯ ಬೇಕಾದರೆ ಅದೇ ತೂಕವನ್ನು 55 ಮೈಕ್ರೋಸೆಕೆಂಡಿನಿಂದ ಗುಣಿಸಿ. ಕೊನೆಗೆ ಉಳಿದ ಕಪ್ಪುಕುಳಿ 62 ಸೂರ್ಯರಷ್ಟು. ಆದರೆ ಅಲೆ ಸುಮಾರು 130 ಕೋಟಿ ಜ್ಯೋತಿರ್ವರ್ಷ ಬರುವಷ್ಟರಲ್ಲಿ ವಿಶ್ವ ಹಿಗ್ಗಿ, ಅಲೆಯೂ ನೂರಕ್ಕೆ ಒಂಬತ್ತರಷ್ಟು ಹಿಗ್ಗಿದೆ. ಹಾಗಾಗಿ ನಮಗೆ ಅದು 68 ಸೂರ್ಯರಷ್ಟಿದ್ದಂತೆ ಕೇಳಿಸುತ್ತದೆ. 12,000 ಭಾಗಿಸು 68, ಸುಮಾರು 176 ಹರ್ಟ್ಸ್.

ಡೇಟಾದಲ್ಲಿ ಇದ್ದದ್ದು 250ರ ಆಸುಪಾಸು. ವಿಜ್ಞಾನಿಗಳು ಪ್ರಕಟಿಸಿದ ಲೆಕ್ಕವೂ 251 ಹರ್ಟ್ಸ್, 4 ಮಿಲಿಸೆಕೆಂಡ್. ವ್ಯತ್ಯಾಸ ಸಣ್ಣದಲ್ಲ. ಕಪ್ಪುಕುಳಿ 48 ಸೂರ್ಯರಷ್ಟೇ ಇರಬಹುದಾ? ಫ್ರೀಕ್ವೆನ್ಸಿ ಒಂದನ್ನೇ ನೋಡಿದರೆ ಹೌದು ಅನ್ನಬೇಕು. ಆದರೆ 48ಕ್ಕೆ ಕುಗ್ಗುವ ಸಮಯ 2.6 ಮಿಲಿಸೆಕೆಂಡ್ ಬರಬೇಕಿತ್ತು. ಸಿಕ್ಕಿದ್ದು 4. ಎರಡು ನಂಬರೂ ಒಟ್ಟಿಗೆ ಹೊಂದಬೇಕಾದರೆ ಒಂದೇ ದಾರಿ: ಅದು ಗಿರಗಿರ ಸುತ್ತುತ್ತಿರಬೇಕು. ಸುತ್ತಲು ಸಾಧ್ಯವಿರುವ ಗರಿಷ್ಠ ಮಿತಿ 1 ಅಂದುಕೊಂಡರೆ 0.67ರಷ್ಟು. ಸುತ್ತುವ ಕಪ್ಪುಕುಳಿಯ ಸೂತ್ರಕ್ಕೆ 68 ಮತ್ತು 0.67 ಹಾಕಿದೆ. 248 ಹರ್ಟ್ಸ್, 4.1 ಮಿಲಿಸೆಕೆಂಡ್ ಬಂತು. ನನ್ನ ಕೆಲಸದಲ್ಲಿ ಇಷ್ಟು ಚೆನ್ನಾಗಿ ಲೆಕ್ಕ ಕೂತರೆ ಗಿರಾಕಿಗೆ ಕಣ್ಣುಮುಚ್ಚಿ ರಿಪೋರ್ಟ್ ಕೊಡುತ್ತೇನೆ.

ಆದರೆ ಈ ಬಾಲ ಎಷ್ಟು ಚಿಕ್ಕದು ಅಂತ ಹೇಳಲೇಬೇಕು. ನಡುಕದ ಒಂದು ಸುತ್ತು ಮುಗಿಯಲು 4 ಮಿಲಿಸೆಕೆಂಡ್, ಅಂದರೆ 16 ಪಾಯಿಂಟ್. ಪ್ರತಿ ಸುತ್ತಿಗೂ ಎತ್ತರ ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಮೂರು ಸುತ್ತು ಮುಗಿಯುವಷ್ಟರಲ್ಲಿ ಉಳಿದದ್ದು ನೂರಕ್ಕೆ ಐದು. ಕೈಯಲ್ಲಿ ಇರುವುದು ಐವತ್ತು ಪಾಯಿಂಟು, ಅದೂ ನಾಯ್ಸ್ ಮೆತ್ತಿಕೊಂಡದ್ದು. ಎಲ್ಲಿಂದ ಅಳೆಯಲು ಶುರು ಮಾಡುತ್ತೀರಿ ಅನ್ನುವುದರ ಮೇಲೆ ಉತ್ತರ ಹತ್ತಾರು ಹರ್ಟ್ಸ್ ಆಚೀಚೆ ಹೋಗುತ್ತದೆ. ತುಂಬಾ ಬೇಗ ಶುರು ಮಾಡಿದರೆ ಇನ್ನೂ ಡಿಕ್ಕಿಯೇ ಮುಗಿದಿರುವುದಿಲ್ಲ. ತಡ ಮಾಡಿದರೆ ನಾಯ್ಸ್ ಬಿಟ್ಟು ಬೇರೇನೂ ಇಲ್ಲ. ಶಿಖರ ದಾಟಿ 3 ಮಿಲಿಸೆಕೆಂಡ್ ಆದಮೇಲೆ ಅಳೆಯುವುದು ನನಗೆ ಸರಿ ಕಂಡಿತು.

ಇಷ್ಟು ಆದಮೇಲೆ ಅಕ್ಕನ ಮನೆಯಲ್ಲಿ ಭಾವ ಕೈ ಹಾಕಿದರು. ಅವರು ವರ್ಮ್‌ಹೋಲ್ ಭಕ್ತರು. ವರ್ಮ್‌ಹೋಲ್ ಅಂದರೆ ದೂರದ ಎರಡು ಜಾಗಗಳನ್ನು ಜೋಡಿಸುತ್ತದೆ ಅಂತ ಊಹಿಸಿದ ಸುರಂಗ. ಎಲ್ಲಿ ಏನು ಕಂಡರೂ ಅದರ ಹಿಂದೆ ಇನ್ನೊಂದು ವಿಶ್ವ ಇರುತ್ತದೆ ಅವರಿಗೆ. "ಅಲ್ಲಮ್ಮ, ಅದು ಕಪ್ಪುಕುಳಿನೇ ಅಂತ ಏನು ಗ್ಯಾರಂಟಿ? ವರ್ಮ್‌ಹೋಲ್ ಯಾಕಾಗಿರಬಾರದು?"

"ಆಗಿರಲಿ ಭಾವ. ಆದ್ರೆ ನನ್ನ ಗ್ರಾಫಲ್ಲಿ ಏನು ಬೇರೆ ಕಾಣ್ಬೇಕು, ಅದನ್ನ ಹೇಳಿ."

"ಅದನ್ನ ನೀನೇ ಲೆಕ್ಕ ಹಾಕು. ಎಂಜಿನಿಯರ್ ನೀನಲ್ವಾ?"

ಅವರು ತಮಾಷೆಗೆ ಅಂದರೂ ಪ್ರಶ್ನೆ ಗಟ್ಟಿಯಾದದ್ದೇ. ಶುರುವಿನ ನಡುಕ ಹುಟ್ಟುವುದು ಕಪ್ಪುಕುಳಿಯ ಅಂಚಿನಲ್ಲಿ, ಅಂದರೆ ದಾಟಿದರೆ ವಾಪಸ್ ಬರಲಾಗದ ಗೆರೆಯಲ್ಲಿ, ಅಲ್ಲ. ಅದಕ್ಕಿಂತ ಹೊರಗೆ, ಬೆಳಕು ಕೂಡ ಸುತ್ತು ಹಾಕಬಲ್ಲ ಜಾಗ ಒಂದಿದೆ. 68 ಸೂರ್ಯರಷ್ಟು ತೂಗುವ, ಸುತ್ತದ ಕುಳಿಗೆ ಅಂಚು ಕೇಂದ್ರದಿಂದ 200 ಕಿಲೋಮೀಟರ್‌ನಲ್ಲಿ, ಈ ಜಾಗ 300ರಲ್ಲಿ. ಒಳಗೆ ಅಂಚಿನ ಬದಲು ವರ್ಮ್‌ಹೋಲಿನ ಗಂಟಲು ಇದ್ದರೂ, ಈ ಜಾಗ ಹಾಗೇ ಇದ್ದರೆ ಮೊದಲ ಸದ್ದು ಒಂದೇ. 2016ರಲ್ಲಿ ಇದನ್ನೇ ಕೆಲವು ವಿಜ್ಞಾನಿಗಳು ಎತ್ತಿ ತೋರಿಸಿದರು. ವ್ಯತ್ಯಾಸ ಕಾಣುವುದು ಆಮೇಲೆ. ಕಪ್ಪುಕುಳಿಯಾದರೆ ಒಳಗೆ ಬಿದ್ದ ಅಲೆ ಮುಗಿಯಿತು. ಗಂಟಲೋ ಗೋಡೆಯೋ ಇದ್ದರೆ ಅಲೆ ವಾಪಸ್ ಬರುತ್ತದೆ. ಸ್ವಲ್ಪ ಹೊರಗೆ ಸೋರುತ್ತದೆ, ಉಳಿದದ್ದು ಮತ್ತೆ ಒಳಕ್ಕೆ. ಪ್ರತಿಧ್ವನಿ!

ಎಷ್ಟು ಹೊತ್ತಿಗೊಮ್ಮೆ? ಈ ಲೆಕ್ಕ ನನಗೆ ಎಲ್ಲಕ್ಕಿಂತ ಹಿಡಿಸಿತು. ಗೋಡೆ ಅಂಚಿನಿಂದ ಕೇವಲ ಪ್ಲಾಂಕ್ ಉದ್ದದಷ್ಟು, ಅಂದರೆ 1.6 × 10⁻³⁵ ಮೀಟರ್, ಆಚೆ ಇದೆ ಅಂದುಕೊಳ್ಳಿ. ಇಷ್ಟು ಸಣ್ಣ ಸಂದಿಯಿಂದ ಏನು ತಡವಾದೀತು ಅನಿಸುತ್ತದೆ. ಆದರೆ ಅಂಚಿನ ಹತ್ತಿರ ಹೋದಷ್ಟೂ ಹೊರಗಿನವರ ಗಡಿಯಾರದಲ್ಲಿ ಅಲೆ ನಿಧಾನ. ಸಂದಿಯನ್ನು ಹತ್ತು ಪಟ್ಟು ಸಣ್ಣದು ಮಾಡಿದಾಗೆಲ್ಲ ಸುಮಾರು 6 ಮಿಲಿಸೆಕೆಂಡ್ ತಡ ಸೇರುತ್ತದೆ. ನೂರು ಕಿಲೋಮೀಟರ್‌ನಿಂದ ಪ್ಲಾಂಕ್ ಉದ್ದಕ್ಕೆ ಇಳಿಯಲು ಹತ್ತಿರಹತ್ತಿರ 40 ಸಲ ಹತ್ತರಿಂದ ಭಾಗಿಸಬೇಕು. 40 ಇಂಟು 6, ಕಾಲು ಸೆಕೆಂಡ್. ಸುತ್ತುವುದನ್ನೂ ಸೇರಿಸಿದರೆ 0.29 ಸೆಕೆಂಡ್. ಯಾವ ಯಂತ್ರವೂ ಮುಟ್ಟಲಾಗದಷ್ಟು ಸಣ್ಣ ಉದ್ದ ನನ್ನ ಲ್ಯಾಪ್‌ಟಾಪಿನಲ್ಲಿ 1,200 ಪಾಯಿಂಟ್ ದೂರವಾಗಿ ಕೂತಿತು.

ಹುಡುಕುವುದು ಸುಲಭ. ಶಿಖರದ ನಂತರದ ಡೇಟಾವನ್ನು 0.29 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಕೂಡಿಸುವುದು. ಒಂದು ಉಬ್ಬು ಬಂತು. ಫೋಟೋ ತೆಗೆದು ಭಾವನಿಗೆ ಕಳಿಸಬಹುದಿತ್ತು. ಅದಕ್ಕೆ ಮೊದಲು ನಾನು ಪೀಣ್ಯದಲ್ಲಿ ಮಾಡುವುದನ್ನೇ ಮಾಡಿದೆ: ಏಟು ಕೊಡದೆ ಟೆಸ್ಟ್. 4,096 ಸೆಕೆಂಡಿನ ದೊಡ್ಡ ಫೈಲ್ ಇಳಿಸಿ, ಡಿಕ್ಕಿಯೇ ಇಲ್ಲದ ಜಾಗಗಳಲ್ಲಿ ಅದೇ ಕತ್ತರಿ, ಅದೇ ಕೂಡಿಕೆ. ಅಷ್ಟೇ ದೊಡ್ಡ ಉಬ್ಬುಗಳು ಅಲ್ಲೂ ಧಾರಾಳವಾಗಿ ಸಿಕ್ಕವು.

ದೊಡ್ಡವರ ಮಟ್ಟದಲ್ಲೂ ಇದೇ ಕಥೆ ನಡೆದಿದೆ. 2016ರ ಡಿಸೆಂಬರ್‌ನಲ್ಲಿ ಒಂದು ತಂಡ ಪ್ರತಿಧ್ವನಿಯ ಸುಳಿವು ಸಿಕ್ಕಿದೆ, ಇದು ಆಕಸ್ಮಿಕವಾಗಿರುವ ಸಾಧ್ಯತೆ 270ಕ್ಕೆ ಒಂದು ಎಂದಿತು. ಜರ್ಮನಿಯ ಇನ್ನೊಂದು ತಂಡ ಖಾಲಿ ಡೇಟಾವನ್ನು ಜಾಸ್ತಿ ತೆಗೆದುಕೊಂಡು ನೋಡಿ, ಸುಳಿವು ಅಷ್ಟು ಗಟ್ಟಿಯಿಲ್ಲ ಅಂದಿತು. ಮುಂದೆ ಲೈಗೋದವರೇ ಹುಡುಕಿದಾಗಲೂ ಪ್ರತಿಧ್ವನಿಗೆ ಪುರಾವೆ ಸಿಗಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಮೊದಲ ತಂಡದ ಕೆಲಸ ದಂಡವಲ್ಲ. ಅವರು ನಂಬರ್ ಕೊಟ್ಟರು, ಅದಕ್ಕೇ ಉಳಿದವರು ಅಳೆದು ನೋಡಲು ಆಯಿತು. ಭಾವ ನೋಡುವ ವೀಡಿಯೋಗಳಲ್ಲಿ ಬರುವ ಎಷ್ಟೋ ಐಡಿಯಾಗಳಿಗೆ ಆ ಯೋಗವೂ ಇಲ್ಲ.

ಈ ಸಲ ಕೂತಿರುವುದು ಬೇರೆ ಸಿಗ್ನಲ್ ಮೇಲೆ. 2025ರ ಜನವರಿ 14, ಸಂಕ್ರಾಂತಿ ದಿನ ಮಧ್ಯಾಹ್ನ, ನಾವು ಎಳ್ಳುಬೆಲ್ಲ ಬೀರುವ ಹೊತ್ತಿಗೆ ಬಂದದ್ದು. ತೂಕ ಹೆಚ್ಚುಕಡಿಮೆ ಮೊದಲಿನದ್ದೇ, ಆದರೆ ಯಂತ್ರಗಳು ಸುಧಾರಿಸಿದ್ದರಿಂದ ಮೂರು ಪಟ್ಟು ಸ್ಪಷ್ಟ. ಇದರಲ್ಲಿ ಮುಖ್ಯ ಸ್ವರದ ಜೊತೆ ಇನ್ನೂ ಬೇಗ ಸಾಯುವ ಎರಡನೇ ಸ್ವರವೂ ಸಿಕ್ಕಿದೆ ಅಂತ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲ ಸ್ವರ ಅಲುಗಾಡದೆ ನಿಂತಿದೆ. ಎರಡನೆಯದು ಅಳತೆ ಶುರು ಮಾಡುವ ಜಾಗ ಒಂದು ಮಿಲಿಸೆಕೆಂಡ್ ಸರಿಸಿದರೆ ಇನ್ನೂ ಓಡಾಡುತ್ತಿದೆ. ಖಾಲಿ ಡೇಟಾದ ಟೆಸ್ಟ್ ಈ ಭಾನುವಾರ.